ಜೋಳದ ಕಾಳಿನಷ್ಟು

ಕೌಲ್ ಬಜಾರಿನ ಗಲ್ಲಿಯೊಳಗೆ ತಗಡಿನ ಕೋಣೆ.
ಪಕ್ಕದ ಶೆಡ್ಡಿನಲ್ಲಿ ಹದಿನಾರು ಮಷೀನು ಜೀನ್ಸ್ ಹೊಲಿಯುತ್ತವೆ.
ನನ್ನದೊಂದೇ. ಹೊಲಿಯುವುದಿಲ್ಲ, ಸುಡುತ್ತದೆ.
ಕಂತಿನಲ್ಲಿ ತಂದದ್ದು, ಹತ್ತು ವ್ಯಾಟಿನ ನೀಲಿ ಚುಕ್ಕೆ,
ಸಾಸಿವೆಗಿಂತ ಸಣ್ಣದು.
ಬರಿಗಣ್ಣಲ್ಲಿ ನೋಡಬಾರದೆಂದು ಕೊಟ್ಟ ಹಸಿರು ಕನ್ನಡಕ
ಅಪ್ಪನ ಮೂಗಿನ ಮೇಲೆ ನಿಲ್ಲುವುದಿಲ್ಲ.
ದಾರ ಬಿಗಿದು ಕೂರುತ್ತಾನೆ,
ಬಾಸಿಂಗ ಕಟ್ಟಿದ ಮದುಮಗನ ಹಾಗೆ.

ದಿನಕ್ಕೆ ಇನ್ನೂರು ಪಟ್ಟಿ,
ಪ್ಯಾಂಟಿನ ಹಿಂದೆ ಸೊಂಟದ ಮೇಲೆ ಹಚ್ಚುವ ಚರ್ಮದ ತುಂಡು.
ಒಂದು ಹದ್ದು, ಕೆಳಗೆ ನಾನು ನೋಡದ ಯಾವುದೋ ಊರು.
ನಮ್ಮ ಕೋಟೆಗುಡ್ಡ ಕೆತ್ತಲಾ ಅಂದರೆ ಮಾಲೀಕ ನಕ್ಕ.
ಐವತ್ತಕ್ಕೊಮ್ಮೆ ಲೆನ್ಸ್ ಒರೆಸಬೇಕು:
ಹೊಸಪೇಟೆ ರಸ್ತೆಯ ಅದಿರು ಲಾರಿಗಳು
ಬೆಳಕಿಗೂ ಕೆಂಪು ಮೆತ್ತಿ ಹೋಗುತ್ತವೆ.

ವಾಸನೆ ಇದೆ. ಕೂದಲು ಸುಟ್ಟ ವಾಸನೆ.
ಫ್ಯಾನು ಹಚ್ಚಿ ಕಿಟಕಿಗೆ ಕೊಳವೆ ಬಿಟ್ಟರೂ
ಮೇಲಿನ ಮನೆಯವರು ಇಳಿದು ಬಂದರು. "ಏನ್ ಸುಡ್ತೀರವ್ವ?"
"ಲೇಜರ್ ರೀ."
ಅಷ್ಟಕ್ಕೇ ಸುಮ್ಮನಾದರು.
ಅಪ್ಪನಿಗೆ ಅವನ ಕಾಲದಲ್ಲಿ
ಇಂಥದೊಂದು ಶಬ್ದ ಸಿಗಲಿಲ್ಲ.

ರೆಕ್ಸಿನ್ ಇಡಬಾರದು, ವಿಷದ ಹೊಗೆ. ಕ್ರೋಮಿನದೂ ಬೇಡ.
ತಂಗಡಿ ತೊಗಟೆಯಲ್ಲಿ ಹದ ಮಾಡಿದ್ದಾದರೆ ಸರಿ
ಎಂದು ನಾನು ಓದಿ ಹೇಳುವಷ್ಟರಲ್ಲಿ
ತುಂಡುಗಳನ್ನು ನಾಲಿಗೆಗೆ ತಾಗಿಸಿ ಎರಡು ಗುಂಪು ಮಾಡಿದ್ದ.
"ಇದು ಹೊಟ್ಟಿದು, ಎಳದಂಗ ಬರ್ತೈತಿ. ಇದು ಬೆನ್ನಿಂದು."
ಸಾಫ್ಟ್‌ವೇರಿನಲ್ಲಿ ಹೊಟ್ಟೆಯಿಲ್ಲ, ಬೆನ್ನಿಲ್ಲ,
ಎಮ್ಮೆ ಬರೀ ಒಂದು ಆಯತ.

ಮೊದಲ ದಿನ
ಚುಕ್ಕೆ ಇರುವೆಯ ಹಾಗೆ ಸುತ್ತು ಬಂದು
ತುಂಡು ತಾನಾಗೇ ಕಳಚಿ ಬಿದ್ದಾಗ
"ನೋಡಪ್ಪ, ಮುಟ್ಟದೇ ಕತ್ತರಿಸುತ್ತೆ" ಅಂದೆ.
"ಮುಟ್ಲಾರದ ಕೊಯ್ಯೋದು ನಮಗೇನ್ ಹೊಸದಲ್ಲ ಬಿಡವ್ವ"
ಅಂದ, ದಾರಕ್ಕೆ ಮೇಣ ತಿಕ್ಕುತ್ತ.

ಅವನ ಟ್ರಂಕಿನಲ್ಲೊಂದು ಖಾತೆ ಪುಸ್ತಕ.
ಲೆಕ್ಕವಿಲ್ಲ, ಬರೀ ಕಾಲುಗಳು.
ಹೆಬ್ಬೆರಳಿಲ್ಲದ ಕ್ಲೀನರು, ಆರು ಬೆರಳಿನ ಸುಂಕ್ಲಮ್ಮ,
ಊರು ಬಿಟ್ಟವರು, ಸತ್ತವರು,
ಎಲ್ಲರೂ ಪೆನ್ಸಿಲಿನ ಗೆರೆಯೊಳಗೆ ನಿಂತೇ ಇದ್ದಾರೆ.
ಮುಟ್ಟಗೊಡದವರು
ತಾವೇ ಬಗ್ಗಿ ಗೆರೆ ಎಳೆದು ಹಾಳೆ ಎಸೆಯುತ್ತಿದ್ದರಂತೆ.
ಬಗ್ಗಿದರೆ ಭಾರ ಮುಂದಕ್ಕೆ ವಾಲುತ್ತದೆ, ಗೆರೆ ಸೊಟ್ಟ.
ಆ ಚಪ್ಪಲಿಗಳು ಎಷ್ಟು ಕಚ್ಚಿದವೋ.

ಪಕ್ಕದ ಶೆಡ್ಡಿನ ಇಮಾಂಬಿ
ಕೆಲಸಕ್ಕೆ ಹೋಗುವ ಮುನ್ನ ನನ್ನ ಹಾಳೆಯ ಮೇಲೆ ನಿಂತಳು.
ಗೆರೆ ಎಳೆದೆ, ಫೋಟೋ ಹಿಡಿದೆ.
ಚುಕ್ಕೆ ಗೆರೆಯ ಮೇಲೇ ಹೋಯಿತು, ಕೂದಲೆಳೆ ಆಚೆಯಿಲ್ಲ ಈಚೆಯಿಲ್ಲ.
ಸಂಜೆ ಹಾಕಿ ನೋಡಿದರೆ ಬಿಗಿ.
ದಿನವಿಡೀ ಪೆಡಲು ಒತ್ತಿದ ಕಾಲು.

ಅಪ್ಪ ಬೈಯಲಿಲ್ಲ. ಪುಸ್ತಕ ಬಿಚ್ಚಿ
ಬಲ್ಬಿನ ಕೆಳಗೆ ಓರೆಯಾಗಿ ಹಿಡಿದ:
ಪ್ರತಿ ಗೆರೆಯಾಚೆ ಉಗುರಿನ ಇನ್ನೊಂದು ಗೀರು,
ಇಷ್ಟು ವರ್ಷ ನಾನು ಕಾಣದೇ ಇದ್ದದ್ದು.
"ಸಂಜಿಗೆ ಕಾಲು ದೊಡ್ಡದಾಗ್ತೈತಿ.
ಜೋಳದ ಕಾಳಿನಷ್ಟು ಬಿಟ್ಟು ಕೊಯ್ಯಬೇಕು."

ಮೂರೂವರೆ ಮಿಲಿಮೀಟರ್ ಎಂದು ತುಂಬಿಸಿದೆ.
ಈ ಸೆಟ್ಟಿಂಗಿಗೆ ಹೆಸರು ಕೊಡಿ, ಎಂದಿತು ಪರದೆ.
ಜೋಳ, ಅಂತ ಕೊಟ್ಟೆ.

ಎಡಗಾಲು ಮುಗಿದಿತ್ತು.
ಬಲಗಾಲಿನ ಹಿಮ್ಮಡಿ ತಿರುಗುವಲ್ಲಿ ಕರೆಂಟು ಹೋಯಿತು.
ಹದಿನಾರು ಮಷೀನೂ ಒಟ್ಟಿಗೆ ನಿಂತು
ಗಲ್ಲಿಯಲ್ಲಿ ಯಾರದೋ ಕೂಸು ಅಳುವುದು ಕೇಳಿಸಿತು.
ಅಪ್ಪ ಕನ್ನಡಕದ ದಾರ ಬಿಚ್ಚಿದ.
ಮೊಬೈಲ್ ಟಾರ್ಚು ಹಿಡಿ ಎಂದ.
ಕಲ್ಲಿಗೆ ಎರಡು ಸಲ ರಂಪಿಗೆ ಎಳೆದು
ಸುಟ್ಟ ಗೆರೆ ನಿಂತಲ್ಲಿಂದ ಹಿಡಿದು
ಉಸಿರು ಬಿಡದೆ ಬೆರಳ ಸಂದಿಯವರೆಗೆ ಬಂದ.

ಅರ್ಧ ಅಂಚು ಕಪ್ಪು, ಅರ್ಧ ಹೊಸ ಬೆಲ್ಲದ ಬಣ್ಣ.
ಮಸಿ ಸವರಿ ಒಂದೇ ಮಾಡಿಕೊಡುತ್ತೇನೆ ಅಂದೆ.
"ಇರ್ಲಿ ಬಿಡು" ಅಂದಳು ಇಮಾಂಬಿ, ಹಾಕಿಕೊಂಡು, ಬೆರಳು ಆಡಿಸಿ.
"ಶೆಡ್ಡಿನ ಬಾಗಲದಾಗ ಹದಿನಾರು ಜೋಡು ಬಿದ್ದಿರ್ತಾವ,
ನಂದು ಯಾವುದಂತ ಗೊತ್ತಾಗ್ತೈತಿ."
ಉಳಿದ ಎಂಬತ್ತು ರೂಪಾಯಿ ಶನಿವಾರ ಅಂದಳು.